ಹುಳು ಮನೆಯಲ್ಲಿ ಬೋಸಾ ನೋವಾ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಟ್ಟಿದವನಿಗೆ ಒಂದು ಅನುಕೂಲವಿತ್ತು. ಅವನ ಗಿಡ ಅವನ ಹಿತ್ತಲಿನಲ್ಲಿ ಮಾತ್ರ ಮದ್ದಾಗಿರಲಿಲ್ಲ. ಪಕ್ಕದ ಬೀದಿಯಲ್ಲಿ ಯಾರೋ ಒಬ್ಬರಾದರೂ ಅದನ್ನು ಅರೆದು ಕುಡಿದು ಗುಣವಾಗುತ್ತಿದ್ದಿರಬೇಕು. ನನ್ನ ಗಿಡ ಹಿತ್ತಲಿನಲ್ಲೂ ಮದ್ದಲ್ಲ, ಪಕ್ಕದ ಬೀದಿಯಲ್ಲೂ ಅಲ್ಲ, ಚನ್ನಪಟ್ಟಣದ ಬಸ್ ಸ್ಟ್ಯಾಂಡಿನಲ್ಲೂ ಅಲ್ಲ. ಮುಚ್ಚಿಟ್ಟು ಪ್ರಯೋಜನವಿಲ್ಲ, ಹೇಳಿಬಿಡುತ್ತೇನೆ: ನಾನು ಹಾಡುಗಾರ. ಹಾಡನ್ನು ನಾನೇ ಬರೆದು, ನಾನೇ ರಾಗ ಹಾಕಿ, ನಾನೇ ಗಿಟಾರ್ ಮೀಟಿಕೊಂಡು ಹಾಡುತ್ತೇನೆ. ಕೇಳುವ ಕೆಲಸವನ್ನೂ ಬಹಳ ಕಾಲ ನಾನೇ ಮಾಡಿಕೊಂಡು ಬಂದೆ. ಇದುವರೆಗೆ ಮೂರು ಆಲ್ಬಂ ಹೊರತಂದಿದ್ದೇನೆ. ಹೊರತಂದಿದ್ದೇನೆ ಎನ್ನುವುದು ಮಾತಿನ ವರಸೆ. ನಿಜವಾಗಿ ಬೆಂಗಳೂರಿನಿಂದ ರಟ್ಟಿನ ಡಬ್ಬಗಳಲ್ಲಿ ತುಂಬಿಸಿಕೊಂಡು ಬೈರಾಪಟ್ಟಣದ ನಮ್ಮ ಮನೆಯ ಒಳಕ್ಕೆ ತಂದದ್ದು. ಮೊದಲನೆಯದರ ಹೆಸರು ‘ನಾಳೆ ಸರಿಹೋಗುತ್ತೆ’. ಎರಡನೆಯದು ‘ಇವತ್ತೇ ಅರ್ಧ ಸರಿಹೋಗಿದೆ’. ಮೂರನೆಯದು ‘ಎಲ್ಲಾ ಸರಿಯಾಗೇ ಇದೆ ಕಣ್ರೀ’. ಹೆಸರು ನೋಡಿದರೇ ತಿಳಿಯುತ್ತದೆ, ಇವೆಲ್ಲ ಮನಸ್ಸು ಕುಗ್ಗಿದವರನ್ನು ಕೈಹಿಡಿದು ಎಬ್ಬಿಸುವ ಹಾಡುಗಳು. ನನಗೆ ಕೀರ್ತಿಯ ಆಸೆ ಇರಲಿಲ್ಲ ಎಂದರೆ ನೀವು ನಂಬುವುದಿಲ್ಲ, ನಂಬಬೇಡಿ. ಆದರೆ ಅದಕ್ಕಿಂತ ದೊಡ್ಡ ಆಸೆ ಒಂದಿತ್ತು. ನನ್ನ ಹೆಂಡತಿ ಸರೋಜ ಒಂದು ದಿನ ಸೊಪ್ಪು ಹೆಚ್ಚದೆ, ಅಕ್ಕಿ ಆರಿಸದೆ, ಗೋಡೆಗೆ ಒರಗಿ ಕೂತು, ಒಂದೇ ಒಂದು ಆಲ್ಬಮ್ಮನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಕೇಳಿ, ಒಂದು ಒಳ್ಳೆಯ ಮಾತು ಆಡಬೇಕು. ಮುಕ್ಕಾಲು ಗಂಟೆಯ ಕೆಲಸ. ಮೂರು ಆಲ್ಬಮ್ಮಿನಷ್ಟು ವರ್ಷಗಳಿಂದ ಅದಕ್ಕಾಗಿ ಕಾದಿದ್ದೆ.

ನಿನ್ನ ಸಂಗೀತ ಯಾವ ಜಾತಿಯದು ಎಂದು ಕೇಳುವವರಿಗೆ ಉತ್ತರ ಹೇಳುವುದು ಒಸಿ ಕಷ್ಟ. ಅದರಲ್ಲಿ ಬ್ಲೂಸ್ ಇದೆ, ಜಾಝ್ ಇದೆ, ಬೋಸಾ ನೋವಾ ಇದೆ. ಬ್ಲೂಸ್ ಎಂದರೆ ಕಷ್ಟ ಹೇಳಿಕೊಳ್ಳುವ ಕಲೆ. ಕಷ್ಟವನ್ನು ಒಂದು ಸಲ ಹೇಳಬೇಕು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲವೆಂದು ಅದನ್ನೇ ಇನ್ನೊಂದು ಸಲ ಹೇಳಬೇಕು, ಮೂರನೆಯ ಸಾಲಿನಲ್ಲಿ ತನಗೆ ತಾನೇ ಏನೋ ಸಮಾಧಾನ ಹೇಳಿಕೊಂಡು ಮುಗಿಸಬೇಕು. ನಮ್ಮ ಅತ್ತೆ ಇದನ್ನು ಯಾರ ಬಳಿಯೂ ಕಲಿಯದೆ ದಿನಾ ಮಾಡುತ್ತಿದ್ದರು. ಜಾಝ್‌ನಲ್ಲಿ ಪ್ರತಿಯೊಬ್ಬರೂ ತಮಗೆ ತೋಚಿದ ದಾರಿ ಹಿಡಿದು ಹೋಗಿ ಕೊನೆಗೆ ಒಂದೇ ಕಡೆ ಬಂದು ಸೇರುತ್ತಾರೆ. ಸೇರದಿದ್ದರೆ ಬೇಕೆಂದೇ ಹಾಗೆ ಮಾಡಿದ್ದು ಅನ್ನಬಹುದು. ಈ ಸವಲತ್ತು ಕಂಡೇ ನಾನು ಅದಕ್ಕೆ ಮನಸೋತದ್ದು. ಬೋಸಾ ನೋವಾ ಬ್ರೆಜಿಲ್ ದೇಶದ್ದು. ಊಟ ಮುಗಿಸಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಪಕ್ಕದ ಕೋಣೆಯವರಿಗೂ ಕೇಳಿಸಬಾರದು ಎನ್ನುವಂತೆ ಮೆಲ್ಲಗೆ ಹಾಡುವ ಬಗೆ. ಇವೆಲ್ಲ ನನಗೆ ಸಿಕ್ಕಿದ್ದು ಸಾದಿಕ್‌ನಿಂದ. ಸಾದಿಕ್ ಚನ್ನಪಟ್ಟಣದಲ್ಲಿ ಅರಗಿನ ಬೊಂಬೆ ಮಾಡುವವನು, ನನ್ನ ಜೊತೆ ಹೈಸ್ಕೂಲು ಓದಿದವನು. ಅವನ ಅಣ್ಣ ಹಡಗಿನಲ್ಲಿ ಅಡಿಗೆ ಮಾಡುತ್ತಿದ್ದ. ಒಂದು ಸಲ ರಜಕ್ಕೆ ಬಂದಾಗ ದೇಶದೇಶದ ಕ್ಯಾಸೆಟ್ಟುಗಳನ್ನು ಒಂದು ಚೀಲದ ತುಂಬ ತಂದು, ಅವರ ಅಮ್ಮ “ಏನಿದು ಶೋರು, ಗಲಾಟೆ” ಎಂದದ್ದಕ್ಕೆ ಬೇಸರ ಮಾಡಿಕೊಂಡು ಚೀಲವನ್ನು ನಮಗೆ ಕೊಟ್ಟುಹೋದ. ನಾವಿಬ್ಬರೂ ಅವನ ಕಾರ್ಖಾನೆಯ ಮರದ ಹೊಟ್ಟಿನ ಮೇಲೆ ಕೂತು ಅದನ್ನೆಲ್ಲ ಕೇಳಿದೆವು. ಆಮೇಲೆ ನಾನು ಗಿಟಾರ್ ಕೊಂಡೆ. ತಾಳಕ್ಕೆ ಸಾದಿಕ್ ತಾನೇ ಕಡೆದ ಮಕ್ಕಳ ಗಿಲಕಿಗಳಿದ್ದವು. ಒಂದೊಂದರಲ್ಲಿ ಒಂದೊಂದು ಅಳತೆಯ ಕಾಳು ತುಂಬಿ ಅವನು ಗಿಲಕಿ ಆಡಿಸುತ್ತಿದ್ದರೆ ಬ್ರೆಜಿಲಿನವರೂ ಒಪ್ಪಬೇಕು. ನನ್ನ ಮೊದಲ ಬ್ಲೂಸ್ ಹುಟ್ಟಿದ್ದು ಹೀಗೆ:

ಬಸ್ಸು ಹೋಯಿತು ಗೆಳೆಯಾ, ಬಸ್ಸು ಹೋಯಿತು,
ಕೈ ಅಡ್ಡ ಹಿಡಿದರೂ ಗೆಳೆಯಾ, ಬಸ್ಸು ಹೋಯಿತು,
ಚಿಂತೆಯಾಕೆ, ಹಿಂದೆ ಬರೋದು ಕೆಂಗಲ್ ದಾಟಿರಬೇಕು ಇಷ್ಟೊತ್ತಿಗೆ.

ಎದೆ ಬಿರಿಯುವಂತೆ ಅಳಿಸುವವರು ನಾಡಿನಲ್ಲಿ ಬೇಕಾದಷ್ಟು ಜನರಿದ್ದಾರೆ, ನಾನು ಎಬ್ಬಿಸುವವನಾಗುತ್ತೇನೆ ಎಂದು ಮೊದಲೇ ತೀರ್ಮಾನಿಸಿಕೊಂಡಿದ್ದೆ. ಎಬ್ಬಿಸುವುದು ಅಂದುಕೊಂಡಷ್ಟು ಸುಲಭವಲ್ಲ. ನಾನು ಕೆಲಸ ಮಾಡುವ ಕಾಲೇಜಿನಲ್ಲಿ ಒಬ್ಬ ಹಿರಿಯ ಗುಮಾಸ್ತರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಹಾರ ಹಾಕಿಸಿಕೊಂಡು, ಮೈಸೂರು ಪಾಕು ತಿಂದು, ಬಹಳ ಖುಷಿಯಾಗಿ ಕೂತಿದ್ದರು. ನಾನು ಎದ್ದುನಿಂತು ಕಣ್ಣುಮುಚ್ಚಿ ‘ನಾಳೆ ಸರಿಹೋಗುತ್ತೆ’ ಹಾಡಿದೆ. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಅವರ ಮುಖ ಸಣ್ಣದಾಯಿತು. ಹಾಡು ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, “ಅಲ್ಲಯ್ಯ, ಏನು ಸರಿಹೋಗಬೇಕು? ನಂಗೇನಾಗೈತೆ? ನಿಂಗೇನಾದ್ರೂ ಗೊತ್ತಾ? ಡಾಕ್ಟ್ರು ಏನಾದ್ರೂ ಅಂದ್ರಾ?” ಎಂದು ಕೇಳಿದರು. ಅವರಿಗೆ ಏನೂ ಆಗಿಲ್ಲವೆಂದು ನಂಬಿಸಲು ನನಗೆ ಅರ್ಧ ಗಂಟೆ ಹಿಡಿಯಿತು. ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ.

ಹೊರಗಿನವರ ಮಾತು ಬಿಡಿ. ನನ್ನ ನಿಜವಾದ ತೊಂದರೆ ಮನೆಯೊಳಗಿತ್ತು, ತೊಂದರೆಯ ಹೆಸರು ರೇಷ್ಮೆ ಹುಳು. ನಮ್ಮ ಮನೆಯಲ್ಲಿ ನನ್ನ ಸಂಬಳ ಹಾಲಿಗೆ, ಪೇಪರಿಗೆ. ಮನೆ ನಿಂತಿರುವುದು ಸರೋಜಳ ಹುಳುವಿನ ಮೇಲೆ. ಹಿತ್ತಲಿಗೆ ಸೇರಿದಂತೆ ಹುಳು ಮನೆ, ಅದರಾಚೆ ಹಿಪ್ಪುನೇರಳೆ ತೋಟ. ಹುಳು ಸಾಕಿದ ಮನೆಯ ಕಟ್ಟುಪಾಡು ಗೊತ್ತಿಲ್ಲದವರಿಗೆ ಹೇಳಬೇಕು: ಚಪ್ಪಲಿ ಹಾಕಿಕೊಂಡು ಒಳಗೆ ಹೋಗುವ ಹಾಗಿಲ್ಲ, ಕೈಕಾಲಿಗೆ ಬ್ಲೀಚಿಂಗ್ ನೀರು ಹಾಕಿಕೊಳ್ಳದೆ ಹೋಗುವ ಹಾಗಿಲ್ಲ, ಬೀಡಿ ಸೇದುವ ಹಾಗಿಲ್ಲ, ಊದುಬತ್ತಿ ಹಚ್ಚುವ ಹಾಗಿಲ್ಲ, ಪಕ್ಕದ ಅಡಿಗೆ ಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆ ಕೊಡುವ ಹಾಗಿಲ್ಲ, ಹೊರಗಿನವರನ್ನು ಬಾಗಿಲ ಹೊಸ್ತಿಲು ದಾಟಿಸುವ ಹಾಗಂತೂ ಇಲ್ಲವೇ ಇಲ್ಲ. ಇವಿಷ್ಟು ಊರವರೆಲ್ಲ ಒಪ್ಪಿದ್ದು. ಸದ್ದು ಮಾಡಬಾರದು ಎನ್ನುವುದನ್ನು ಸರೋಜ ತಾನೇ ಸೇರಿಸಿದಳೋ, ಅವರಮ್ಮನ ಕಾಲದಿಂದ ಬಂದದ್ದೋ, ನಾನು ವಿಚಾರಿಸಲಿಲ್ಲ. ಪೊರೆ ಬಿಡುವ ಮೊದಲು ಹುಳು ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿಕೊಂಡು ಅಲುಗದೆ ಇರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ, ಕಾಯಿಲೆಯೇನಲ್ಲ. ಒಂದು ಬೆಳೆಗೆ ನಾಲ್ಕು ಜ್ವರ. ನಾನು ಗಿಟಾರ್ ತೆಗೆದರೆ ಸಾಕು, ಒಳಗಿನಿಂದ ಸರೋಜ, “ರೀ, ಹುಳ ಜ್ವರಕ್ಕೆ ಕೂತವೆ, ಒಸಿ ಬಾಯಿ ಮುಚ್ಕಂಡಿರಿ” ಅನ್ನುತ್ತಿದ್ದಳು. ಜ್ವರ ಎದ್ದ ಮೇಲೆ ಕೇಳಿದರೆ, “ಈಗ ತಾನೇ ಎದ್ದು ಸೊಪ್ಪು ತಿಂತಾವೆ, ತಿನ್ನಕ್ಕೆ ಬುಡಿ” ಅನ್ನುತ್ತಿದ್ದಳು. ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಹಾಕುವ ದಿನವಂತೂ ಮಾತೇ ಬೇಡ, ಗಿಟಾರ್ ಹಿಡಿಯುವ ಕೈಗೆ ಹುಳುವಿನ ಬುಟ್ಟಿ ಬರುತ್ತಿತ್ತು. ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಸಾಗಿಸಿ ಬಂದ ಮೇಲೆ ಸಿಗುವ ಬಿಡುವಿನಲ್ಲಿ ಹುಳು ಮನೆ ತೊಳೆಯಬೇಕು. ವರ್ಷಕ್ಕೆ ಐದಾರು ಬೆಳೆ ತೆಗೆಯುವ ಮನೆಯಲ್ಲಿ ಹಾಡುಗಾರನಿಗೆ ಉಳಿಯುವುದು ಎಷ್ಟು ದಿನ ಎಂದು ನೀವೇ ಊಹಿಸಿ. ನಾನು ಬೋಸಾ ನೋವಾಕ್ಕೆ ಒಲಿದ ಗುಟ್ಟು ಇಲ್ಲಿದೆ. ಪಿಸುದನಿಯಲ್ಲಿ ಹಾಡಬಹುದಾದ ಸಂಗೀತ ಜಗತ್ತಿನಲ್ಲಿ ಅದೊಂದೇ ನನಗೆ ಸಿಕ್ಕಿದ್ದು.

ಇನ್ನು ಉದ್ಯೋಗದಲ್ಲಾದರೂ ಬಾಯಿ ಬಿಡೋಣವೆಂದರೆ, ನಾನು ಕಾಲೇಜಿನ ಗ್ರಂಥಪಾಲಕ. ಹಗಲೆಲ್ಲ ನಾನು ಬೇರೆಯವರಿಗೆ “ಸದ್ದು ಮಾಡಬೇಡಿ” ಅನ್ನುತ್ತೇನೆ, ಸಂಜೆ ಮನೆಗೆ ಬಂದರೆ ಅದೇ ಮಾತನ್ನು ನನಗೆ ಅನ್ನುತ್ತಾರೆ. ಎರಡು ಮೌನಗಳ ನಡುವೆ ನನಗೆ ಉಳಿದಿದ್ದ ಜಾಗವೆಂದರೆ ಟಿವಿಎಸ್ ಮೊಪೆಡ್ಡಿನ ಸೀಟು. ಚನ್ನಪಟ್ಟಣದಿಂದ ಊರಿಗೆ ಬರುವ ದಾರಿಯುದ್ದಕ್ಕೂ ಗಂಟಲು ಬಿಟ್ಟು ಹಾಡುತ್ತಿದ್ದೆ. ಮೊಪೆಡ್ಡಿನ ಶಬ್ದದಲ್ಲಿ ಹಾಡು ಯಾರಿಗೂ ಕೇಳುವುದಿಲ್ಲವೆಂದು ನನ್ನ ಎಣಿಕೆ. ಎದುರು ಬರುವವರು ನನ್ನ ಬಾಯಿ ಮಾತ್ರ ನೋಡಿ, ಏನೋ ಕೇಳುತ್ತಿದ್ದಾನೆಂದು ತಿಳಿದು, “ಹ್ಞಾ?” ಎಂದು ಗಾಡಿ ನಿಲ್ಲಿಸುತ್ತಿದ್ದರು. ಮಾರಾಟವಾಗದ ಸಿ.ಡಿ.ಗಳಿಗೆ ಸರೋಜ ಔದಾರ್ಯದಿಂದ ಒಂದು ಜಾಗ ಕೊಟ್ಟಿದ್ದಳು: ಹಳೆಯ ಹುಳು ತಟ್ಟೆ ಜೋಡಿಸುವ ಸ್ಟ್ಯಾಂಡಿನ ಕೆಳಗಿನ ಅಂತಸ್ತು. ಮೇಲಿನ ಅಂತಸ್ತಿನಲ್ಲಿ ಸುಣ್ಣದ ಪುಡಿಯ ಡಬ್ಬ.

ಹೀಗಿರುವಾಗ ಒಂದು ಬೆಳೆ ನಮ್ಮ ಮನೆಯಲ್ಲಿ ಅದ್ಭುತವಾಗಿ ಬಂತು. ಊರಿನಲ್ಲಿ ಮಿಕ್ಕವರದೆಲ್ಲ ಹಾಗೂ ಹೀಗೂ ಎನ್ನುವ ಹಾಗಿದ್ದಾಗ, ನಮ್ಮ ಗೂಡು ಮಾತ್ರ ಒಂದೊಂದೂ ಗಟ್ಟಿಯಾಗಿ, ಬಂಗಾರದ ಬಣ್ಣದಲ್ಲಿ, ಬೆರಳಲ್ಲಿ ಅದುಮಿದರೆ ತಗ್ಗದ ಹಾಗೆ ಬಂದವು. ಗೂಡು ಬಿಡಿಸಿದ ಮಾರನೆಯ ಬೆಳಿಗ್ಗೆ ಟೀ ಅಂಗಡಿಯಲ್ಲಿ ಕೂತಿದ್ದೆ. ಪಕ್ಕದ ಬೀದಿಯ ಬೋರೇಗೌಡರು ಬಂದು ನನ್ನ ಪಕ್ಕದಲ್ಲೇ ಕೂತರು. ಅವರೂ ಹುಳು ಸಾಕುವವರು, ಮನಸ್ಸಿನಲ್ಲಿದ್ದದ್ದು ಬಾಯಲ್ಲಿ ಬರುವ ಜನ. ಕಾಲೇಜಿನಲ್ಲಿ ಏನೇ ಕೆಲಸ ಮಾಡಲಿ, ಊರವರಿಗೆಲ್ಲ ನಾನು ಮೇಷ್ಟ್ರು.

“ಮೇಷ್ಟ್ರೇ, ನಿಮ್ಮ ಹಾಡಲ್ಲಿ ಅಂಥದ್ದೇನು ಮಡಗಿದ್ದೀರಿ?” ಎಂದರು.

ನಾನು ಗಾಬರಿಯಾಗಿ, “ಯಾಕೆ ಗೌಡ್ರೇ, ಏನಾಯ್ತು?” ಎಂದೆ.

“ಸರೋಜಮ್ಮ ಹೇಳ್ತು. ಗೂಡು ನೋಡಿ ನಮ್ಮನೆಯೋಳು ಏನು ಔಸ್ತಿ ಹೊಡೆದೆ ತಾಯಿ ಅಂತ ಕೇಳವ್ಳೆ. ಅದ್ಕೆ ಆಯಮ್ಮ ನಾನೇನೂ ಮಾಡ್ಲಿಲ್ಲ ಕಣಕ್ಕ, ನಮ್ಮೋರ ಹಾಡು ಹಾಕ್ತಿದ್ದೆ, ಕೇಳ್ಕಂಡು ಹುಳ ಬೆಳ್ಕಂಡ್ವು ಅಂದೈತೆ. ನಂಗೂ ಒಂದು ಹಾಡಿನ ಪ್ಲೇಟ್ ಕೊಡಿ.”

ಆ ಕ್ಷಣದಲ್ಲಿ ನನಗಾದ ಸಂತೋಷವನ್ನು ಹೇಗೆ ಹೇಳಲಿ? ನನ್ನ ಸರೋಜ ನನ್ನ ಹಾಡು ಹಾಕಿದ್ದಳು. ದಿನಾ ಹಾಕಿದ್ದಳು! ನಾನು ಮನೆಯಲ್ಲಿಲ್ಲದ ಹೊತ್ತಿನಲ್ಲಿ, ಒಬ್ಬಳೇ, ಸೊಪ್ಪು ಹಾಕುತ್ತಾ ಕೇಳಿದ್ದಳು! ಎದುರಿಗೆ ಹೇಳಿದರೆ ನನ್ನ ತಲೆ ತಿರುಗೀತೆಂದು ಊರ ಹೆಂಗಸರ ಮುಂದೆ ಹೇಳಿದ್ದಾಳೆ. ಹುಳು ಬೆಳೆದದ್ದು ನನಗೆ ಮುಖ್ಯವಾಗಿರಲಿಲ್ಲ. ಆದರೂ ಹುಳು ಬೆಳೆದದ್ದು ನನ್ನಿಂದ ಎನ್ನುವುದನ್ನು ಅಲ್ಲಗಳೆಯಲೂ ಹೋಗಲಿಲ್ಲ. ಬೋರೇಗೌಡರಿಗೆ ಟೀ ಕೊಡಿಸಿದೆ, ಬನ್ನು ಕೊಡಿಸಿದೆ. ಮನೆಗೆ ಬಂದು ಸರೋಜಳ ಮುಖ ನೋಡಿದೆ. ಕೇಳಬೇಕೆಂದುಕೊಂಡವನು, ನಾಚಿಕೊಂಡಾಳು ಪಾಪ ಎಂದು ಸುಮ್ಮನಾದೆ. ಅವಳು, “ಯಾಕ್ರೀ ಹಂಗೆ ನೋಡ್ತೀರಿ, ಮೈ ಉಸಾರಾಗಿಲ್ವಾ?” ಎಂದಳು. ಅದೂ ನನಗೆ ಪ್ರೀತಿಯಾಗಿಯೇ ಕೇಳಿಸಿತು.

ಆಮೇಲಿನ ತಪ್ಪೆಲ್ಲ ನನ್ನದು. ಹೊಗಳಿಕೆಗೆ ಒಗ್ಗದವನಿಗೆ ಹೊಗಳಿಕೆ ಸಿಕ್ಕರೆ ಆಗುವುದೇ ಹೀಗೆ. ಸ್ಟ್ಯಾಂಡಿನ ಕೆಳ ಅಂತಸ್ತಿನಿಂದ ಸಿ.ಡಿ.ಗಳು ಒಂದೊಂದಾಗಿ ಊರ ಮನೆಗಳಿಗೆ ನಡೆದವು. ಕೊಡುವಾಗ ಸುಮ್ಮನೆ ಕೊಡಬಾರದೇ? ಬೋರೇಗೌಡರು, “ಯಾವ ಜ್ವರಕ್ಕೆ ಯಾವ ಹಾಡು ಹಾಕ್ಬೇಕು ಮೇಷ್ಟ್ರೇ?” ಎಂದು ಕೇಳಿದ್ದರು. ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನಾನು ಗ್ರಂಥಪಾಲಕ, ಯಾವುದನ್ನು ಯಾವ ಕಪಾಟಿನಲ್ಲಿಡಬೇಕು ಎಂದು ಯಾರಾದರೂ ಕೇಳಿದರೆ ಉತ್ತರ ತಾನಾಗಿ ಬರುತ್ತದೆ. ಗ್ರಂಥಾಲಯದ ನಾಲ್ಕಾರು ಕಾರ್ಡು ತೆಗೆದು ಮುದ್ದಾದ ಅಕ್ಷರದಲ್ಲಿ ಬರೆದೆ: ಒಂದು ಮತ್ತು ಎರಡನೇ ಜ್ವರಕ್ಕೆ ಬೋಸಾ ನೋವಾ, ಮೂರಕ್ಕೆ ನಿಧಾನದ ಜಾಝ್, ನಾಲ್ಕನೆಯದಕ್ಕೆ ಬ್ಲೂಸ್, ಹುಳು ಹಣ್ಣಾದಾಗ ಚುರುಕಿನ ಜಾಝ್. ಊರಿನ ಮೂರು ನಾಲ್ಕು ಹುಳು ಮನೆಗಳ ಗೋಡೆಗೆ ಆ ಕಾರ್ಡು ಅಂಟಿಕೊಂಡಿತು. ನನ್ನ ನಡಿಗೆಯೇ ಬದಲಾಯಿತು. ಹಿಪ್ಪುನೇರಳೆ ತೋಟದ ಬದುವಿನಲ್ಲಿ ಹೋಗುವಾಗ ಗಿಡಗಳ ಕಡೆಗೂ ಒಂದು ನಗೆ ಬೀರುತ್ತಿದ್ದೆ. ಸರೋಜ ಮಾತ್ರ ಕಾರ್ಡನ್ನು ನೋಡಿ, “ಇದ್ಯಾಕೆ ಬರೆದ್ರಿ?” ಎಂದಳು. “ನೀನು ಶುರು ಮಾಡಿದ್ದನ್ನು ನಾನು ಶಾಸ್ತ್ರೋಕ್ತ ಮಾಡಿದೆ” ಎಂದೆ. ಅವಳು ಏನೋ ಹೇಳಲು ಬಾಯಿ ತೆರೆದು, ಒಲೆಯ ಮೇಲೆ ಹಾಲು ಉಕ್ಕಿತೆಂದು ಒಳಗೆ ಓಡಿದಳು.

ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಹಗಲಿರುಳು ಸೊಪ್ಪು ಮೇಯುತ್ತದೆ. ಗೂಡು ಗಟ್ಟಿಯಾಗುವುದೋ ಬಿಡುವುದೋ ಆ ವಾರದಲ್ಲಿ ತೀರ್ಮಾನವಾಗುತ್ತದೆ. ತಮ್ಮ ಹುಳು ಆ ವಾರಕ್ಕೆ ಬಂದಾಗ ಬೋರೇಗೌಡರು ಮನೆಗೆ ಬಂದು, “ಪ್ಲೇಟಲ್ಲೇ ಇಷ್ಟು ಕೆಲ್ಸ ಮಾಡೋದಾದ್ರೆ, ನೀವೇ ಬಂದು ಹಾಡುದ್ರೆ ಹೆಂಗೆ?” ಎಂದರು. ನನ್ನ ಜೀವನದಲ್ಲಿ ಯಾರೂ ನನ್ನನ್ನು ಹಾಡಲು ಕರೆದಿರಲಿಲ್ಲ, ನಾನೇ ನುಗ್ಗಿ ಹಾಡಿದ್ದು. ಭಾನುವಾರ ಮಧ್ಯಾಹ್ನ ಸಾದಿಕ್‌ನನ್ನು ಕರೆದುಕೊಂಡು ಹೋದೆ. ಬಾಗಿಲಲ್ಲಿ ಬ್ಲೀಚಿಂಗ್ ನೀರಿನಲ್ಲಿ ಕೈಕಾಲು ತೊಳೆದೆವು, ಸಾದಿಕ್ ತನ್ನ ಗಿಲಕಿಗಳನ್ನೂ ಅದ್ದಿ ತೆಗೆದ. ಒದ್ದೆ ಗೋಣಿಚೀಲದ ಪರದೆ ಸರಿಸಿ ಒಳಗೆ ಹೋದರೆ ತಟ್ಟೆ ತಟ್ಟೆಯ ತುಂಬ ಹುಳು, ಸರಸರ ಎಂದು ಸೊಪ್ಪು ಮೇಯುವ ಸದ್ದು. ಹಾಡು ಶುರುಮಾಡಿದೆ. ಎರಡು ಹಾಡಿಗೆ ಸಾದಿಕ್ ನನ್ನ ಕಿವಿಯ ಹತ್ತಿರ ಬಂದು, “ಭಾಯ್, ಇಷ್ಟು ಮರ್ಯಾದೆಯಾಗಿ ಕೂತು ಕೇಳೋ ಜನ ನಮಗೆ ಎಲ್ಲೂ ಸಿಕ್ಕಿಲ್ಲ. ತಿಂತಾ ಕೇಳ್ತಾವೆ, ಅದೇನ್ ಬಿಡಿ, ಶಾದಿ ಮನೇಲೂ ಅಷ್ಟೇ” ಎಂದ. ಹಿಂತಿರುಗಿ ನೋಡಿದರೆ ಪರದೆಯಾಚೆ ತಲೆಗಳು. ಗೌಡರ ಬೀಗರು, ಅವರ ಮನೆಗೆ ಬಂದ ನೆಂಟರು, ಕಬ್ಬಾಳಮ್ಮನ ದರ್ಶನ ಮುಗಿಸಿಕೊಂಡು ಬಂದ ಒಂದು ಟೆಂಪೋ ಜನ, ಬೀದಿಯವರು. ಗೌಡರು ಧಾರಾಳವಾಗಿ, “ಒಳೀಕ್ ಬನ್ನಿ, ಅಲ್ಲೇ ನಿಂತ್ರೆ ಏನು ಕೇಳ್ತದೆ” ಎಂದು ಎಲ್ಲರನ್ನೂ ಕರೆದರು. ಕಿಕ್ಕಿರಿದು ತುಂಬಿದರು. ಅಷ್ಟು ದೊಡ್ಡ ಸಭೆಗೆ ನಾನು ಅದುವರೆಗೆ ಹಾಡಿರಲಿಲ್ಲ. ಬಸ್ಸಿನ ಹಾಡಿಗೆ ಚಪ್ಪಾಳೆ ಬಿತ್ತು. ಇನ್ನೊಂದು ಸಲ ಎಂದರು, ಹಾಡಿದೆ. ಮತ್ತೂ ಒಂದು ಸಲ ಎಂದು ಯಾರೂ ಅನ್ನಲಿಲ್ಲ, ಅದನ್ನೂ ಹಾಡಿದೆ.

ಐದು ದಿನಕ್ಕೆ ಬೋರೇಗೌಡರು ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತರು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮುಖ ನೋಡಿದರೇ ಗೊತ್ತಾಗುತ್ತಿತ್ತು.

“ಹುಳಕ್ಕೆ ಸಪ್ಪೆ ರೋಗ ಬಂದ್ಬುಡ್ತು ಮೇಷ್ಟ್ರೇ. ಸೊಪ್ಪು ಮುಟ್ತಾ ಇಲ್ಲ, ಮೆತ್ತಗಾಗ್ಬುಟ್ಟವೆ. ಅರ್ಧ ತಟ್ಟೆ ಹೊರೀಕ್ ಎಸೆದು ಬಂದೆ.”

ಗೌಡರು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಬಹಳ ಸಂಕೋಚದಿಂದ, “ನಿಮ್ಮನ್ನ ಅನ್ನಲ್ಲ ನಾನು. ಆದ್ರೂವೆ, ಆ ಬಸ್ಸು ಹೋಯ್ತು ಬಸ್ಸು ಹೋಯ್ತು ಅನ್ನೋ ಹಾಡ ಮೂರು ಸಲ ಹಾಡ್ಬಾರ್ದಾಗಿತ್ತು ಅನ್ಸುತ್ತೆ. ಹುಳಕ್ಕೆ ಏನು ಗೊತ್ತಾಯ್ತದೆ, ಇನ್ನೊಂದು ಬಸ್ಸು ಬತ್ತದೆ ಅಂತ?” ಎಂದರು. ನಾನು ತಲೆ ತಗ್ಗಿಸಿ ಕೂತೆ. ಬೆಳೆದಾಗ ನನ್ನ ಹಾಡಿನಿಂದ ಎಂದು ಎದೆಯುಬ್ಬಿಸಿದವನು ಕೆಟ್ಟಾಗ ನನ್ನ ಹಾಡಿನಿಂದಲ್ಲ ಎಂದು ಯಾವ ಬಾಯಲ್ಲಿ ಹೇಳಲಿ? ಎಬ್ಬಿಸುವ ಹಾಡು ಹಾಡಿ ಒಂದು ಮನೆಯ ಬೆಳೆಯನ್ನೇ ಮಲಗಿಸಿಬಿಟ್ಟೆನಲ್ಲ ಎಂದು ನಿಜವಾಗಿ ಸಂಕಟವಾಯಿತು. ಇನ್ನು ಮುಂದೆ ಗಿಟಾರ್ ಮುಟ್ಟುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಒಳಗಿನಿಂದ ಸರೋಜ ಬಂದಳು. ಕೈಯಲ್ಲಿ ಸುಣ್ಣದ ಪುಡಿಯ ಡಬ್ಬ. “ಗೌಡ್ರೇ, ಆವತ್ತು ಹಾಡು ಕೇಳಕ್ಕೆ ಎಷ್ಟು ಜನ ಹುಳ ಮನೆ ಒಳೀಕ್ ಹೋಗಿದ್ರಿ?” ಎಂದಳು.

“ಬೀಗ್ರು, ನೆಂಟ್ರು, ಟೆಂಪೋದೋರು... ಬೀದಿ ಜನಾನೆಲ್ಲಾ ಕರೆದಿದ್ದೆ ಕಣವ್ವ.”

“ಕೈಕಾಲು ತೊಳೆದ್ರಾ?”

“ಮೇಷ್ಟ್ರು ತೊಳೆದ್ರು, ಸಾಬ್ರು ತೊಳೆದ್ರು. ಮಿಕ್ಕೋರ್ನೆಲ್ಲ ಎಲ್ಲಿ ತೊಳ್ಸದು?”

“ಇನ್ನೇನು ಮತ್ತೆ. ಹೊರಗಿನ ರೋಗ ಕಾಲಲ್ಲಿ ಬಂದೈತೆ. ಹಾಡಿಂದ ಹುಳ ಬೆಳೆಯಾದೂ ಇಲ್ಲ, ಸಾಯಾದೂ ಇಲ್ಲ” ಎಂದಳು ಸರೋಜ. ಆಮೇಲೆ ನನ್ನ ಕಡೆ ನೋಡದೆ ಸೇರಿಸಿದಳು: “ನಮ್ಮ ಹುಳಕ್ಕೆ ನಾನು ಹಾಡು ಹಾಕೇ ಇರ್ಲಿಲ್ಲ.”

ಗೌಡರು ಅವಳ ಕಡೆ ತಿರುಗಿದರು. “ಮತ್ತೆ ನಮ್ಮನೆಯೋಳ್ಗೆ ಹಂಗಂದೆ?”

“ಇನ್ನೇನನ್ಲಿ? ನಿಮ್ಮನೆಯಕ್ಕ ಬಾಗಿಲಲ್ಲಿ ನಿಂತ್ಕಂಡು, ಎಂಥಾ ಗೂಡು ಎಂಥಾ ಗೂಡು ಅಂತ ಕಣ್ಣರಳಿಸ್ತು. ಹೌದು ಕಣಕ್ಕ ಚೆನ್ನಾಗಿ ಬಂದೈತೆ ಅಂತ ಯಾರಾದ್ರೂ ಅಂತಾರಾ? ಇನ್ನೂ ಮಾರ್ಕೆಟ್ಟಿಗೆ ಹೋಗಿಲ್ಲ ಗೂಡು. ದೃಷ್ಟಿ ಆಯ್ತದೆ ಅಂತ, ಎದುರಿಗೆ ಇವ್ರ ಪ್ಲೇಟು ಕಾಣ್ತು, ಅದರ ಮೇಲೆ ಹಾಕ್ದೆ. ಅದಕ್ಕೆ ಯಾರ ಕಣ್ಣು ಬಿದ್ರೆ ಏನಾಗ್ತದೆ?”

ಗೌಡರು ನಿಧಾನವಾಗಿ ತಲೆಯಾಡಿಸಿದರು. ಸಾಕುವವರ ಮನೆಯ ಮಾತು ಸಾಕುವವರಿಗೆ ಅರ್ಥವಾಗುತ್ತದೆ. “ಅದೇನೋ ದಿಟ ಕಣವ್ವ” ಎಂದರು. ದಿಟವಾದದ್ದು ಯಾವುದು, ದೃಷ್ಟಿಯಾಗುತ್ತದೆ ಎನ್ನುವುದೋ, ನನ್ನ ಪ್ಲೇಟಿಗೆ ಏನೂ ಆಗುವುದಿಲ್ಲ ಎನ್ನುವುದೋ, ನಾನು ಕೇಳಲಿಲ್ಲ. ಸರೋಜ ಸುಣ್ಣದ ಡಬ್ಬ ಹಿಡಿದು ಗೌಡರ ಮನೆಗೆ ಹೊರಟಳು. ನಾನೂ ಹಿಂದೆ ಹೋದೆ. ಸಂಜೆಯವರೆಗೆ ಮೂವರೂ ಕೂತು ಸೊರಗಿದ ಹುಳುಗಳನ್ನು ಆರಿಸಿ ತೆಗೆದು, ತಟ್ಟೆ ಬದಲಾಯಿಸಿ, ರೋಗ ಹರಡದಂತೆ ಸುಣ್ಣ ಚೆಲ್ಲಿದೆವು. ಉಳಿದ ಅರ್ಧ ಹೇಗೋ ಉಳಿಯಿತು, ಗೂಡೂ ಕಟ್ಟಿತು. ನಾನು ಅಷ್ಟು ಹೊತ್ತೂ ಒಂದು ಗುನುಗು ಕೂಡ ಗುನುಗಲಿಲ್ಲ.

ಗುನುಗುವ ಮನಸ್ಸಿರಲಿಲ್ಲ ಎನ್ನುವುದೇ ಸರಿ. ಗೌಡರ ಬೆಳೆ ನನ್ನ ತಲೆಯಿಂದ ಇಳಿದಿತ್ತು, ಅದಕ್ಕೆ ಹಗುರವಾಗಬೇಕಿತ್ತು. ಆದರೆ ಆ ಬೆಳಿಗ್ಗೆ ಟೀ ಅಂಗಡಿಯಲ್ಲಿ ಸಿಕ್ಕ ಸಂತೋಷವೂ ಅದರ ಜೊತೆಗೇ ಇಳಿದುಹೋಗಿತ್ತು. ಮೂರು ಆಲ್ಬಮ್ಮಿನಲ್ಲಿ ನಾನು ಹಾಕಿದ್ದ ಬ್ಲೂಸು, ಜಾಝು, ಬೋಸಾ ನೋವಾಗಳೆಲ್ಲ ಸೇರಿ, ಹೊಸ ಮನೆಯ ಮುಂದೆ ಮೀಸೆ ಬರೆದು ಕಟ್ಟುವ ಬೂದುಗುಂಬಳಕಾಯಿಯ ಕೆಲಸ ಮಾಡಿದ್ದವು. ದಿನಾ ಮೊಪೆಡ್ಡಿನಲ್ಲಿ ಬಾಯಿ ಮುಚ್ಚಿಕೊಂಡು ಹೋಗಿ ಬಾಯಿ ಮುಚ್ಚಿಕೊಂಡು ಬಂದೆ. ಎದುರು ಬರುವವರು ಯಾರೂ ಗಾಡಿ ನಿಲ್ಲಿಸಲಿಲ್ಲ. ವಾರವಾಯಿತು. ಒಂದು ಸಂಜೆ ಮನೆಗೆ ಬಂದು ಕೂತರೆ ಸರೋಜ ಒಳಗಿನಿಂದ ಸಿಡುಕಿಕೊಂಡೇ ಬಂದಳು.

“ಏನಾಗೈತೆ ನಿಮಗೆ? ಯಾಕೆ ಹಾಡ್ತಿಲ್ಲ?”

“ಯಾರು ಕೇಳ್ತಾರೆ ಹಾಡಿದರೆ? ನೀನು ಕೇಳಿದ್ದೀಯಾ ಒಂದು ದಿನ?” ಎಂದೆ. ದನಿ ನನಗೇ ಗೊತ್ತಿಲ್ಲದೆ ಏರಿತ್ತು.

“ಕೇಳದೆ ಏನು? ದಿನಾ ಕೇಳ್ತೀನಿ. ಊರೆಲ್ಲಾ ಕೇಳ್ತದೆ, ಆ ಟಿವಿಎಸ್ ಸದ್ದಿಗಿಂತ ನಿಮ್ಮ ಗಂಟಲು ಜೋರಾಗೈತೆ. ಕಾಲುವೆ ಹತ್ರ ನೀವು ಬಸ್ಸು ಹೋಯ್ತು ಅಂತ ಮೊದಲನೇ ಸಲ ಅಂದಾಗ ನಾನು ಒಲೆ ಹಚ್ತೀನಿ. ಎರಡನೇ ಸಲ ಅಂದಾಗ ಹಾಲಿಡ್ತೀನಿ. ಕೆಂಗಲ್ ದಾಟ್ತು ಅನ್ನೋ ಹೊತ್ತಿಗೆ ಸರಿಯಾಗಿ ಕಾಫಿ ಆಯ್ತದೆ, ನೀವು ಬಾಗಿಲಿಗೆ ಬತ್ತೀರಿ. ಈಗ ಒಂದು ವಾರದಿಂದ ನೀವು ಕಳ್ಳನಂಗೆ ಸದ್ದಿಲ್ಲದೆ ಬಂದು ಕೂತ್ಕಂತೀರಿ, ನಂಗೆ ಗೊತ್ತೇ ಆಗಲ್ಲ. ಅಂದಾಜಿನ ಮೇಲೆ ಇಟ್ಟ ಹಾಲು ಎರಡು ದಿನ ಸೀದು ಹೋಯ್ತು.”

ಗೋಡೆಗೆ ಒರಗಿ ಕೂತು ಮುಕ್ಕಾಲು ಗಂಟೆ ಕೇಳಬೇಕು ಎಂದು ನಾನು ಆಸೆಪಟ್ಟಿದ್ದೆ. ಅವಳು ಇಷ್ಟು ವರ್ಷ ಒಲೆಯ ಮುಂದೆ ನಿಂತು ದಿನಾ ಕೇಳಿದ್ದಳು, ಸಾಲು ಸಾಲೂ ಕೇಳಿದ್ದಳು. ಒಳ್ಳೆಯ ಮಾತು ಆಡಿರಲಿಲ್ಲ ನಿಜ, ಆದರೆ ಪ್ರತಿ ಸಂಜೆ ಬಿಸಿ ಕಾಫಿ ಕೊಟ್ಟಿದ್ದಳು. ಸಂಗೀತ ವಿಮರ್ಶಕರು ಯಾರೂ ಅಷ್ಟು ಮಾಡುವುದಿಲ್ಲ. ಕಣ್ಣು ಒದ್ದೆಯಾದದ್ದನ್ನು ಅವಳು ನೋಡಿ, “ಅದಕ್ಕೆ ಅಳ್ತಾರಾ? ಬೇರೆ ಹಾಲಿಟ್ಟು ಒಂದು ಲೋಟ ಕಾಫಿ ಮಾಡ್ಕೊಡ್ತೀನಿ ಬನ್ನಿ” ಎಂದಳು. ಅವಳು ನನ್ನ ದುಃಖವನ್ನು ಹಾಲು ಸೀದದ್ದರ ದುಃಖವೆಂದು ತಿಳಿದಿದ್ದಳು, ನಾನು ತಿದ್ದಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಸರೋಜ ಜಗಲಿಯ ಮೇಲೆ ಆಡಿದ ಮಾತು ಜಗಲಿಯ ಮೇಲೇ ಉಳಿಯಲಿಲ್ಲ. ಅವಳ ಗೂಡಿಗೆ ಬೀಳಬೇಕಾದ ಕಣ್ಣನ್ನು ಮೇಷ್ಟ್ರ ಪ್ಲೇಟು ಎಳೆದುಕೊಂಡಿತು ಎನ್ನುವುದನ್ನು ಬೋರೇಗೌಡರು ಊರಿಗೆಲ್ಲ ಹೇಳಿದರು. ಮುಂದಿನ ಬೆಳೆಯ ಹೊತ್ತಿಗೆ ಗೌಡರ ಹುಳು ಮನೆಯ ಬಾಗಿಲಲ್ಲಿ ನನ್ನ ಮೂರನೆಯ ಆಲ್ಬಂ ನೇತಾಡುತ್ತಿತ್ತು. ಆ ಸಿ.ಡಿ.ಯ ಮೇಲೆ ನನ್ನ ಮುಖವನ್ನು ಅಗಲಕ್ಕೆ ಅಚ್ಚು ಹಾಕಿಸಿದ್ದೆ, ಸಿ.ಡಿ.ಗೆ ನಡುವೆ ತೂತಿರುತ್ತದೆ ಎನ್ನುವುದು ಆಗ ನೆನಪಿಗೆ ಬರದೆ, ತೂತು ಸರಿಯಾಗಿ ಮೂಗಿನ ಜಾಗಕ್ಕೆ ಬಂದಿತ್ತು. ಗೌಡರು ಅದಕ್ಕೆ ಕರಿದಾರ ಪೋಣಿಸಿ, ಮೂಗುದಾರ ಹಾಕಿದ ಎತ್ತಿನ ಹಾಗೆ ಕಟ್ಟಿದ್ದರು. ಆ ಬೆಳೆ ಅವರಿಗೆ ಚೆನ್ನಾಗಿ ಬಂತು. ಆಮೇಲೆ ಬೀದಿಗೆ ಬೀದಿಯೇ ನಮ್ಮ ಮನೆಗೆ ಬಂತು. ಸ್ಟ್ಯಾಂಡಿನ ಕೆಳ ಅಂತಸ್ತು ಖಾಲಿಯಾಗಿ ಸರೋಜ ಅಲ್ಲಿ ಬಕೆಟ್ಟು ಇಟ್ಟಳು. ಇವತ್ತು ಬೈರಾಪಟ್ಟಣದಲ್ಲಿ ನನ್ನ ಆಲ್ಬಂ ಇಲ್ಲದ ಹುಳು ಮನೆಯಿಲ್ಲ. ಗಾಳಿಗೆ ತಿರುಗುತ್ತಾ, ಬಿಸಿಲಿಗೆ ಮಿಂಚುತ್ತಾ, ಹೋಗುವವರು ಬರುವವರನ್ನೆಲ್ಲ ನೋಡುತ್ತಾ ಇದ್ದೇನೆ. ಕನಕಪುರದ ಕಡೆಯಿಂದಲೂ ಯಾರೋ ಬಂದು ಕೇಳಿಕೊಂಡು ಹೋದರು. ಈಗ ನಾಲ್ಕನೆಯ ಆಲ್ಬಂ ಸಿದ್ಧವಾಗುತ್ತಿದೆ. ಸಾದಿಕ್ ಹೊಸ ಗಿಲಕಿ ಕಡೆದಿದ್ದಾನೆ. ಹಾಡು ಹೇಗಿವೆ ಎಂದು ಊರಿನಲ್ಲಿ ಯಾರೂ ಕೇಳಲಿಲ್ಲ, ಮುಖ ಇರುತ್ತದೆ ತಾನೇ ಎಂದು ಮಾತ್ರ ಎಲ್ಲರೂ ಕೇಳಿದರು. ಮೊನ್ನೆ ಚನ್ನಪಟ್ಟಣದ ಸ್ಟುಡಿಯೋಗೆ ಫೋಟೋ ತೆಗೆಸಲು ಹೋಗಿದ್ದೆ. ಹೊರಡುವಾಗ ಸರೋಜ, “ಈ ಸಲ ಕಣ್ಣು ಒಸಿ ಅಗಲ ಬುಟ್ಕಂಡು ಕೂತ್ಕಳಿ” ಎಂದು ಹೇಳಿ ಕಳಿಸಿದ್ದಳು. ಫೋಟೋದವನು ದೀಪ ಹಚ್ಚಿ, ಗಲ್ಲ ಹಿಡಿದು ಮುಖ ತಿರುಗಿಸಿ, “ಸಂತೋಷದ ಹಾಡುಗಳು ಅಂತೀರಿ, ಸ್ವಲ್ಪ ನಗಿ ಸಾರ್” ಎಂದ. ನಾನು ನಗಲಿಲ್ಲ. ಊರಿನ ಅಷ್ಟೂ ಹುಳುಗಳ ಜವಾಬ್ದಾರಿ ನನ್ನ ಮುಖದ ಮೇಲಿತ್ತು.